ತದಿಗೆಯ ಇಳಿತ

ಅರ್ಜಿ ಕೊಡಲು ಕೊನೆಯ ದಿನ ಶನಿವಾರ, ಹನ್ನೆರಡರ ಒಳಗೆ.
ಶನಿವಾರ ತದಿಗೆ. ಹೊಳೆ ಪೂರ್ತಿ ಇಳಿಯುವುದು ಎಂಟಕ್ಕೆ.
ಮೊದಲಿನದನ್ನು ಕುಮಟೆಯ ಕಾಲೇಜಿನ ಗೋಡೆಗೆ ಅಂಟಿಸಿದ್ದರು.
ಎರಡನೆಯದು ಎಲ್ಲೂ ಬರೆದಿಲ್ಲ,
ಅವ್ವಿ ಬೆರಳು ಮಡಚಿ ಹೇಳಿದಳು.

ಬಳಚು ಹೆಕ್ಕಿದರೆ ಒಬ್ಬಳಿಗೆ ಒಂದು ಇಳಿತಕ್ಕೆ ಇನ್ನೂರೈವತ್ತು.
ಇಬ್ಬರಿಗೆ ಐನೂರು.
ಫೀಸಿಗೆ ಕಮ್ಮಿ ಬಿದ್ದದ್ದು ನಾನೂರ ಎಂಬತ್ತು.
ಲೆಕ್ಕ ಸರಿಯಾಗಿ ಕೂತಿತು.
ಕೂತದ್ದೇ ನನಗೆ ಹೆದರಿಕೆ:
ನೆಪ ಒಂದೂ ಉಳಿಯಲಿಲ್ಲ.

ತುಳಸಕ್ಕ ಬಿ.ಎ. ಮುಗಿಸಿ ಆರು ವರ್ಷ.
ಬಸ್‌ಸ್ಟ್ಯಾಂಡಿನ ಎದುರು ಸೀರೆ ಅಂಗಡಿಯಲ್ಲಿ
ಮಡಚಿದ್ದನ್ನು ಬಿಚ್ಚುತ್ತಾಳೆ, ಬಿಚ್ಚಿದ್ದನ್ನು ಮಡಚುತ್ತಾಳೆ.
ಸಂಬಳ ಏಳು ಸಾವಿರ. ಕೂರಲು ಸ್ಟೂಲೂ ಇಲ್ಲ.
‘ಎಂತ ಸಿಕ್ತು ಅಕ್ಕ, ಮೂರು ವರ್ಷಕ್ಕೆ?’
ಕೈಯಲ್ಲಿದ್ದ ಸೀರೆಯ ಸೆರಗು ಸರಿಮಾಡುತ್ತ ಯೋಚಿಸಿದಳು.
‘ಮಧ್ಯಾಹ್ನ’ ಎಂದಳು.
‘ಲೈಬ್ರರಿ ಹಿಂದೆ ಒಂದು ಕಟ್ಟೆ ಇತ್ತು. ಅಲ್ಲಿ ಕೂತರೆ
ಯಾರೂ ಕೆಲಸ ಹೇಳ್ತಿರಲಿಲ್ಲ.’
ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.
ಅಂಥ ಮಧ್ಯಾಹ್ನ ನಮ್ಮ ಐಗಳಕುರ್ವೆಯಲ್ಲಿ
ಯಾವ ಹೆಂಗಸಿಗೂ ಸಿಕ್ಕಿದ್ದು ನಾನು ಕಂಡಿಲ್ಲ.

ಬೊಮ್ಮಯ್ಯ ಮಾವ ಬೀಡಿ ಆರಿಸಿ ಅಂದ:
‘ಓದಿದವರ ಕಾಲು ಮೆತ್ತಗಾಗ್ತದೆ. ಆಮೇಲೆ
ಇಲ್ಲಿ ಇಳಿಯೂಕೂ ಆಗೂದಿಲ್ಲ, ಅಲ್ಲಿ ಹತ್ತೂಕೂ ಆಗೂದಿಲ್ಲ.’
ಸುಳ್ಳಲ್ಲ. ಅವ್ವಿಯ ಕಾಲು ನೋಡಿದ್ದೇನೆ.
ಸೊಂಟಮಟ್ಟ ನೀರಲ್ಲಿ ನಿಂತು ಹಿಮ್ಮಡಿಯಲ್ಲೇ ತಡವಿ
ಇದು ಸತ್ತ ಚಿಪ್ಪು, ಇದು ಮರಿ, ಬಿಡು, ಇದು ತೆಗೆ
ಎನ್ನುತ್ತಾಳೆ. ಮೂವತ್ತು ವರ್ಷದ ಓದು ಅದು.
ಪರೀಕ್ಷೆ ಮಾತ್ರ ಮುಗಿದೇ ಇಲ್ಲ.

ಗೋವೆಯ ಲಾರಿಯವ ಚೀಲಕ್ಕೆಂದು ಎರಡು ಕಿಲೋ ಮುರಿದದ್ದನ್ನು
ಹಿಡಿದದ್ದು ನಾನು. ಒಣ ಚೀಲ ಕಾಲು ಕಿಲೋ ಕೂಡ ಇಲ್ಲ.
ಆದರೆ ಆ ಲೆಕ್ಕ ಆರನೇ ಇಯತ್ತೆಯದು.
ಅದಕ್ಕೆ ಕಾಲೇಜು ಬೇಕಿರಲಿಲ್ಲ.
ಹಾಗಾದರೆ ಯಾತಕ್ಕೆ ಬೇಕು?
ರಾತ್ರಿಯಿಡೀ ಇದನ್ನೇ ಮಗ್ಗುಲು ಬದಲಿಸುತ್ತ ಕೇಳಿಕೊಂಡೆ.

ಹೋದ ಚಳಿಗಾಲ ಧಾರವಾಡದಿಂದ ಮೂವರು ಹುಡುಗಿಯರು ಬಂದಿದ್ದರು,
ಬಳಚು ಎಣಿಸಲು, ಕಬ್ಬಿಣದ ಚೌಕಟ್ಟು ಹಿಡಿದು.
ಎಲ್ಲಿ ಎಷ್ಟಿದೆಯೆಂದು ತೋರಿಸಿದ್ದು ಅವ್ವಿ.
ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟರು,
‘ಗಟ್ಟಿ ಹಿಡಿ, ಅಲ್ಲಾಡಬೇಡ’ ಎಂದರು.
ಅಲ್ಲಾಡಲಿಲ್ಲ. ಆಚೆ ತುದಿಯಲ್ಲಿ
ನನ್ನದೇ ವಯಸ್ಸಿನವಳೊಬ್ಬಳು ಬಗ್ಗಿ
ಅಂಕಿ ಓದಿ, ಬರೆದು, ಏನನ್ನೋ ಯೋಚಿಸಿದಳು.
ಯೋಚಿಸಿದ್ದೇನು ಅಂತ ಕೇಳಬೇಕಿತ್ತು.
ಟೇಪು ಸುತ್ತಿಕೊಂಡು ಹೋದರು.

ಶನಿವಾರ ಆರಕ್ಕೇ ಇಳಿದೆವು. ಅವ್ವಿ ಹೋಗು ಎನ್ನಲಿಲ್ಲ,
ಬೇಡವೆನ್ನಲೂ ಇಲ್ಲ. ಒಂಬತ್ತಕ್ಕೆ
ನನ್ನ ಬುಟ್ಟಿಯನ್ನೂ ತನ್ನ ಬುಟ್ಟಿಗೆ ಸುರಿದುಕೊಂಡು
‘ದಿವಗಿಗೆ ಪಾತಿ ಹೊರಟದೆ ನೋಡು’ ಎಂದಳು, ಅಷ್ಟೆ.

ಕೌಂಟರಿನವ ನೋಟು ಎಣಿಸಿ ಬೆರಳು ಮೂಸಿದ.
ಪ್ಯಾಂಟಿಗೆ ಒರೆಸಿಕೊಂಡು ರಸೀದಿ ಹರಿದ.
ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

ಲೈಬ್ರರಿ ಹಿಂದೆ ಹೋದೆ. ಕಟ್ಟೆ ಇದೆ.
ಒಂದು ಕಡೆ ಒಡೆದಿದೆ, ಕಾಗೆ ಹೊಲಸು ಮಾಡಿದೆ.
ಈ ಹೊತ್ತಿಗೆ ನಾವು ನಿಂತ ದಿಬ್ಬದ ಮೇಲೆ
ಎದೆಮಟ್ಟ ಭರತ ಏರಿರಬಹುದು.
ಅವ್ವಿ ಲಾರಿಯವನ ತಕ್ಕಡಿ ಮುಂದೆ ಒಬ್ಬಳೇ,
ಒಣ ಚೀಲದ ತೂಕ ನೆನಪಿಟ್ಟಿದ್ದಾಳೋ ಇಲ್ಲವೋ.

ಬೆರಳ ಸಂದಿಯಲ್ಲಿ ಕೆಸರು ಒಣಗಿ ಬಿರಿಯುತ್ತಿತ್ತು.
ಸರಿಯೋ ತಪ್ಪೋ, ಕಟ್ಟೆಗೂ ಗೊತ್ತಿದ್ದಂತೆ ಕಾಣಲಿಲ್ಲ.
ಒಡೆಯದ ಕಡೆ ನೋಡಿ ಕೂತೆ.
ಯಾರೂ ಕೆಲಸ ಹೇಳಲಿಲ್ಲ.
ಐದು ನಿಮಿಷ. ಆಮೇಲೆ ಬಸ್ಸಿತ್ತು.