ಉಪ್ಪಿನ ಲೆಕ್ಕ

ಪುಯೆರ್ತೊ ಮೊಂತ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನಾನು ಮದ್ದು ಬೆರೆಸುವ ಕೋಣೆ. ಕಿಟಕಿಯಿಲ್ಲ.
ಹೊರಗೆ ಕಡಲು ಏರುತ್ತಿದೆಯೋ ಇಳಿಯುತ್ತಿದೆಯೋ
ಬಂದವರ ಬೂಟಿನ ಕೆಸರು ನೋಡಿ ತಿಳಿಯಬೇಕು.

ಎಲೆಯುತೇರಿಯೊ ಬಾರ್ರಿಯಾ ಬಂದದ್ದು ಇಳಿತದ ದಿನ.
ಮೊಣಕಾಲವರೆಗೆ ಕಪ್ಪು ಮಣ್ಣು. ಕೈಯಲ್ಲಿ
ಉದ್ದ ಮೂತಿಯ ಏಳು ಪ್ಲಾಸ್ಟಿಕ್ ಬಾಟಲಿ,
ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕದ್ದ ಮಾಲಿನ ಹಾಗೆ.
ಮೇಜಿನ ಮೇಲಿಟ್ಟು ಗೋಡೆಗೆ ಹೇಳಿದ:
"ನಿಲ್ಲುವುದಿಲ್ಲ, ಸೆನ್ಯೋರಾ."

ಏನು ಎಂದು ನಾನು ಕೇಳಲಿಲ್ಲ.
ಐವತ್ತೆಂಟರ ಗಂಡಸು. ಚಿಪ್ಪಿನ ಹಗ್ಗ ಎಳೆದೆಳೆದು
ಬೆರಳೆಲ್ಲ ಕೊಕ್ಕೆ.
ರಕ್ತ ಹೋಗುತ್ತದೆಂದು ಡಾಕ್ಟರಿಗೆ ಹೇಳಲು
ಎರಡು ಚಳಿಗಾಲ ತೆಗೆದುಕೊಂಡವನು.
ಹಿಂಬಾಗಿಲಿಂದ ಕಳಿಸಿದ ಮದ್ದು
ಬಂದ ದಾರಿಗೆ ಸುಂಕವಿಲ್ಲವೆಂದು
ಹತ್ತೇ ನಿಮಿಷಕ್ಕೆ ವಾಪಸು.

ಅಳತೆ ಸರಿ ಇದೆ, ತಾರೀಖು ಸರಿ ಇದೆ ಎಂದೆ.
ಅವನು ಬಾಟಲಿಯ ಮೂತಿಯಿಂದ ಒಂದು ಹನಿ
ನಾನು ತಡೆಯುವಷ್ಟರಲ್ಲಿ ನಾಲಿಗೆಗೆ ತಾಗಿಸಿ
"ಇದು ಮೀನಿಗೆ ಹಾಕುವ ನೀರು" ಎಂದ.
"ನಮ್ಮವ್ವ ಮೆರ್ಲೂಸಾ ಮೀನಿಗೆ ಉಪ್ಪು ಸವರಿ
ಹಲಗೆಯ ಮೇಲಿಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ
ಮೀನೆಲ್ಲ ಒಣಕಲು, ಹಲಗೆಯೆಲ್ಲ ನೀರು.
ನೀವು ನನ್ನ ಕರುಳಿಗೆ ಉಪ್ಪು ಸವರುತ್ತಿದ್ದೀರಿ."

ಐದು ವರ್ಷ ಓದಿದ ನಾನು
ಆ ಹಲಗೆಯನ್ನು ನೋಡಿರಲಿಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ಬಾಯಿಗಿರುವ ನ್ಯಾಯ ಕೆಳಗೂ ಉಂಟು:
ಗಾಢವಾದದ್ದನ್ನು ಸುರಿದರೆ, ಅದನ್ನು ತೆಳುಮಾಡಲು
ಮೈಯ ನೀರೇ ಓಡಿ ಬರುತ್ತದೆ,
ತುಂಬಿದ ಕರುಳು ತಡಬಡಿಸಿ ಬಾಗಿಲು ತೆಗೆಯುತ್ತದೆ,
ಮದ್ದು, ಚಪ್ಪಲಿ ಬಿಡದ ನೆಂಟ,
ಹೊಸ್ತಿಲಿಂದಲೇ ಹೊರಟುಹೋಗುತ್ತದೆ.

ಆ ರಾತ್ರಿ ಒಂದು ಹನಿಯನ್ನು ಯಂತ್ರಕ್ಕೆ ಕೊಟ್ಟೆ.
ಅದರ ರೀತಿಯೇ ಬೇರೆ: ಹನಿಯನ್ನು ಹೆಪ್ಪುಗಟ್ಟಿಸುತ್ತದೆ,
ಎಷ್ಟು ಚಳಿಗೆ ಸೋತಿತು ಎಂಬುದರಿಂದ
ಕರಗಿದ್ದೆಲ್ಲದರ ತಲೆ ಎಣಿಸುತ್ತದೆ.
ರಕ್ತಕ್ಕೆ ಇನ್ನೂರ ತೊಂಬತ್ತು.
ನನ್ನ ಬಾಟಲಿಗೆ ಎಂಟುನೂರ ಹತ್ತು.

ಕೆಡದಿರಲೆಂದು ಹಾಕಿದ್ದು, ಮಂದವಾಗಲೆಂದು ಹಾಕಿದ್ದು,
ಹಿಂದಿನವರು ಹಾಕುತ್ತಿದ್ದರೆಂದು ಹಾಕಿದ್ದು.
ಒಂದೊಂದಾಗಿ ತೆಗೆಯುತ್ತ ಬಂದೆ.

ಬರಿ ನೀರೇ ಆದರೆ? ಜೀವಕೋಶಗಳು ಉಬ್ಬಿ ಒಡೆಯುತ್ತವೆ.
ಚೂರು ಉಪ್ಪು ಇರಬೇಕು, ರಕ್ತಕ್ಕಿಂತ ಚೂರು ತೆಳುವಿರಬೇಕು.
ಎಷ್ಟು ಚೂರು? ಅದಕ್ಕೇ ಮೂರು ತಿಂಗಳು ಹೋಯಿತು,
ಆಂಖೆಲ್ಮೊ ಮಾರುಕಟ್ಟೆಯ ಹಂದಿಗರುಳಿನ ತುಂಡುಗಳಲ್ಲಿ.
ನೀಲಿ ಬಣ್ಣ ಬೆರೆಸಿ ಸುರಿದು ಕಾಯುತ್ತಿದ್ದೆ.
ಗಾಢ ದ್ರವದ ನೀಲಿ
ಮಡಿಕೆಗಳ ತುದಿಯಲ್ಲೇ ನಿಂತು ಲೋಳೆಯ ಮೇಲೆ ಜಾರಿತು.
ತೆಳುವಿನದನ್ನು ಗೋಡೆ ಕುಡಿಯಿತು;
ನೀರಿನ ಕೈ ಹಿಡಿದು ನೀಲಿಯೂ ಹೋಯಿತು
ನೆರಿಗೆ ನೆರಿಗೆಯ ಬುಡದವರೆಗೆ.

ಕರುಳಿನ ಕಡೆಗಾಲದ ಕೆಲಸವೇ ಅದು ತಾನೆ,
ಹೊರಟು ನಿಂತದ್ದರಿಂದ ನೀರನ್ನು ಮರಳಿ ಪಡೆಯುವುದು.
ಅದಕ್ಕೂ ಬಾಯಾರುತ್ತದೆಂದು
ನಮಗೆ ಯಾರಿಗೂ ಹೊಳೆದಿರಲಿಲ್ಲ.

ಕಮಿಟಿಯ ಸಹಿ, ಅದರ ಮೇಲೊಂದು ಸಹಿ. ಹನ್ನೊಂದು ಜನ.
ಇಬ್ಬರಿಗೆ ಏನೂ ವ್ಯತ್ಯಾಸವಿಲ್ಲ. ಕ್ಲೋರಿಂಡಾ ಎಂಬಾಕೆ
ಹೊಟ್ಟೆಯುಬ್ಬರವೆಂದು ಎರಡನೇ ದಿನವೇ ಬಿಟ್ಟಳು.
ಎಲೆಯುತೇರಿಯೊ ಎಡಮಗ್ಗುಲಾಗಿ ಮಲಗಿ
ರೇಡಿಯೋದ ಹವಾಮಾನ ವರದಿ ಪೂರ್ತಿ ಕೇಳಿದನಂತೆ,
ದಕ್ಷಿಣದ ಕೊನೆಯ ದ್ವೀಪದ ಗಾಳಿಯವರೆಗೆ.
ನಿದ್ದೆ ಬಂತಂತೆ. ಎದ್ದಾಗ ಹಾಸಿಗೆ ಒಣಗಿಯೇ ಇತ್ತಂತೆ.
ಇಷ್ಟನ್ನು ಹೇಳುವಾಗ ಅವನು
ಗೋಡೆಯ ಕಡೆ ನೋಡಲಿಲ್ಲ.

ಆಮೇಲೊಂದು ದಿನ ಜಾಮ್ ಶೀಶೆಯಲ್ಲಿ ಕಡಲ ನೀರು ತಂದ.
"ಇದಕ್ಕೆಷ್ಟು?"
ಹನಿ ಹೆಪ್ಪುಗಟ್ಟಿತು. ಒಂಬೈನೂರ ಎಪ್ಪತ್ತು.
ಆ ಅಂಕಿಯನ್ನು ಬಹಳ ಹೊತ್ತು ನೋಡಿದ.
ತಮ್ಮ ನೊಲಾಸ್ಕೊ, ಎಂಜಿನ್ ನಿಂತ ದೋಣಿ, ಆರು ದಿನ.
"ಕೊನೆಗೆ ಕಡಲನ್ನೇ ಕುಡಿದನಂತೆ,
ಜೊತೆಗಿದ್ದವನು ಹೇಳಿದ. ಕುಡಿದಷ್ಟೂ ಬೇಕೆಂದನಂತೆ."

ಮುಚ್ಚಳ ಬಿಗಿದು ಶೀಶೆಯನ್ನು ಕೋಟಿನೊಳಗಿಟ್ಟುಕೊಂಡ.
ಬೂಟಿನಲ್ಲಿ ಕೆಸರಿರಲಿಲ್ಲ.
ಹೊರಗೆ ಉಬ್ಬರವಿರಬೇಕು.