ಕಡ್ಡಿ ಲೆಕ್ಕ

ಮೊದಲ ದಿನ ನನ್ನ ಹೆಸರು ಗ್ಲೋರಿಯಾ.
ನನಗಿಂತ ಮುಂಚೆ ಇಲ್ಲಿ ನಿಂತಿದ್ದವಳದು ಆ ಬ್ಯಾಡ್ಜು,
ಅವಳು ಮನಿಲಾಕ್ಕೆ ಹೊರಟುಹೋದಳಂತೆ, ಪಿನ್ನು ಸಹಿತ ಬಿಟ್ಟು.
ನಿನ್ನದು ಬರುವ ತನಕ ಇದೇ ಇರಲಿ ಅಂದ ಶಿಹಾಬ್,
ತ್ರಿಶೂರಿನವನು, ಶೆಲ್ಫುಗಳ ಮೇಸ್ತ್ರಿ.
ಹರಿಣಾಕ್ಷಿ ಅನ್ನುವುದನ್ನು ಎರಡು ಸಲ ಹೇಳಿ ನೋಡಿ
ನೀರು ಕುಡಿದ.
ಅಜ್ಜಿಯ ಹೆಸರದು. ನಾನೇನು ಮಾಡಲಿ.

ರೂವಿಯ ಹೈಪರ್‌ಮಾರ್ಕೆಟ್ಟು, ಹಾಲು ಮೊಸರಿನ ಸಾಲು,
ಏಸಿಯ ಬಾಯಿಗೆ ಸರಿಯಾಗಿ ನನ್ನ ಬೆನ್ನು.
ಹೊರಗೆ ನಲವತ್ತಾರು ಡಿಗ್ರಿ, ಒಳಗೆ ನನಗೆ ನೆಗಡಿ.
ಬಿಬಿಎ ಕೊನೆಯ ವರ್ಷ. ಆಫರ್ ಲೆಟರಿನಲ್ಲಿ
ಬ್ರ್ಯಾಂಡ್ ಅಂಬಾಸಿಡರ್, ಟ್ರೈನಿ, ಎಂದಿತ್ತು.
ಪಪ್ಪ ಅದನ್ನು ಕುಟುಂಬದ ಗ್ರೂಪಿಗೆ ಹಾಕಿದರು.
ಸುರತ್ಕಲ್ಲಿನಿಂದ ಚಿಕ್ಕಮ್ಮ ಕೇಳಿದರು:
ಅಂಬಾಸಿಡರ್ ಅಂದರೆ ಕಾರು ಕೊಡ್ತಾರಾ?
ಕೊಟ್ಟದ್ದು ಒಂದು ಮಡಚುವ ಮೇಜು, ಬಿಳಿ ಏಪ್ರನ್ನು,
ಸಾವಿರ ಹಲ್ಲುಕಡ್ಡಿ.

ಕ್ಲಾಸಿನಲ್ಲಿ ಬರೆದುಕೊಂಡದ್ದು ಆಲಿಕೆಯ ಚಿತ್ರ:
ಅರಿವು, ಆಸಕ್ತಿ, ಆಸೆ, ಖರೀದಿ,
ಮೇಲೆ ಅಗಲ, ಕೆಳಗೆ ಸಣ್ಣ.
ಇಲ್ಲಿ ಕಂಡದ್ದು: ಮಗು ಅಳುತ್ತದೆ,
ತಾಯಿ ಒಂದು ಚೀಸಿನ ತುಂಡು ಎತ್ತುತ್ತಾಳೆ,
ಅಳು ನಿಲ್ಲುತ್ತದೆ. ಟ್ರಾಲಿ ಹೋಗುತ್ತದೆ.

ಹಾಳೆಯ ತುಂಬ ಕಾಲಂ. ಗಂಡೋ ಹೆಣ್ಣೋ, ಅಂದಾಜು ವಯಸ್ಸು,
ಯಾವ ದೇಶದವರಿರಬಹುದು, ಮುಖ ಅರಳಿತೇ,
ಕೊಂಡರೇ, ಇಲ್ಲವಾದರೆ ಏಕೆ.
ರಾತ್ರಿ ಕಡ್ಡಿ ಎಣಿಸಬೇಕು,
ಹಾಳೆಗೂ ಕಸದ ಬುಟ್ಟಿಗೂ ತಾಳೆ ಬೀಳಬೇಕು.
ಮೊದಲ ರಾತ್ರಿ: ಕಡ್ಡಿ ಇನ್ನೂರ ಹನ್ನೆರಡು, ಡಬ್ಬ ಒಂಬತ್ತು.

ಅವರು ಬಂದದ್ದು ಎರಡನೆಯ ದಿನ.
ಹಿಂದಿನ ಗಲ್ಲಿಯ ಲಾಂಡ್ರಿಯವರು, ಮೈಯೆಲ್ಲ ಗಂಜಿಯ ವಾಸನೆ,
ಮಣಿಕಟ್ಟಿನಲ್ಲಿ ಇಸ್ತ್ರಿ ಸುಟ್ಟ ಕಲೆ, ದೋಣಿಯ ಆಕಾರ.
ಒಂದು ತುಂಡು ತಿಂದು, ಕಣ್ಣು ಮುಚ್ಚಿ,
ಕೊಳ್ಳುವವರ ಹಾಗೆ ಡಬ್ಬದ ಬೆನ್ನು ಓದಿ ಹೋದರು.
ಹತ್ತು ನಿಮಿಷಕ್ಕೆ ಮತ್ತೆ ಬಂದರು, ಟೊಪ್ಪಿ ಹಾಕಿಕೊಂಡು.
ಆಮೇಲೆ ಕನ್ನಡಕ.
ನಾಲ್ಕನೆಯ ಸಲ ಚೌಕಿಯಲ್ಲಿ ವೇಷ ಮುಗಿದಿತ್ತು,
ಬರಿಮುಖದಲ್ಲಿ ಬಂದು ಸುಮ್ಮನೆ ನಕ್ಕರು.

ನಾಲ್ವರು ಎಂದು ಬರೆದೆ.
ಗಂಡು, ಐವತ್ತು ದಾಟಿದೆ, ಮುಖ ಅರಳಿತು.
ನಾಲ್ಕು ದೇಶ ಹಂಚಿಕೊಟ್ಟೆ ಅವರಿಗೆ, ವೀಸಾ ಕೇಳದೆ.
ಕಡ್ಡಿಯ ಲೆಕ್ಕ ತಾಳೆ ಬಿತ್ತು.
ದಿನಾ ಹೀಗೇ.

ಮೀಟಿಂಗಿನಲ್ಲಿ ಬೈರೂತಿನ ನಬೀಲ್ ಸಾರ್
ಪರದೆಯ ಮೇಲೊಂದು ನೀಲಿ ಕಂಬ ತೋರಿಸಿದರು:
ಐವತ್ತು ದಾಟಿದ ಗಂಡಸರು! ಯಾರೂ ಕಾಣದ ಮಾರುಕಟ್ಟೆ!
ಗ್ಲೋರಿಯಾಗೆ ಚಪ್ಪಾಳೆ.
ಆ ಕಂಬದೊಳಗೆ ಒಬ್ಬರೇ ನಿಂತು
ಟೊಪ್ಪಿ ತೆಗೆಯುವುದು, ಹಾಕುವುದು
ನನಗಷ್ಟೇ ಕಾಣುತ್ತಿತ್ತು.

ಸಂಬಳದ ಸಂಜೆ ಬುಟ್ಟಿ ಹಿಡಿದು ಬಂದರು.
ಟೊಪ್ಪಿಯಿಲ್ಲ, ಕನ್ನಡಕವಿಲ್ಲ, ಎಣ್ಣೆ ಹಚ್ಚಿ ಬಾಚಿದ ತಲೆ.
ತುಂಡು ಮುಟ್ಟಲಿಲ್ಲ, ಅಂದು ಅವರು ಗಿರಾಕಿ.
ನಮ್ಮ ಡಬ್ಬದ ಬೆಲೆ ಓದಿದರು.
ಪಕ್ಕದ ಕಂಪನಿಯದನ್ನೂ ಓದಿದರು: ಇನ್ನೂರು ಬೈಸ ಕಡಿಮೆ.
ಅದನ್ನು ಬುಟ್ಟಿಗಿಟ್ಟು,
ಹೋಮ್‌ವರ್ಕ್ ಮರೆತ ಹುಡುಗನ ಹಾಗೆ ನನ್ನ ಕಡೆ ತಿರುಗಿ
ರುಚಿ ನಿನ್ನದೇ ಗ್ಲೋರಿಯಾ ಬೇಟಿ, ಅಂದರು,
ರೇಟು ಮಾತ್ರ ಅದರದು.

ತಿಂಗಳಿಡೀ ನಾನು ಹತ್ತಿಸಿದ ರುಚಿ
ಪಕ್ಕದವನ ಗಲ್ಲಾಕ್ಕೆ ಬಿತ್ತು.
ಇದಕ್ಕೆ ಪುಸ್ತಕದಲ್ಲೊಂದು ಹೆಸರುಂಟು,
ಪರೀಕ್ಷೆಯಲ್ಲಿ ಬರೆದು ಐದು ಮಾರ್ಕು ತೆಗೆದಿದ್ದೆ,
ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

ಅಂದೇ ನನ್ನ ಬ್ಯಾಡ್ಜೂ ಬಂತು. ಹರಿಣ, ಅಷ್ಟೇ.
ಕಣ್ಣಿಗೆ ಜಾಗ ಸಾಲಲಿಲ್ಲವಂತೆ.

ಹಾಳೆ ಮುಂದಿಟ್ಟುಕೊಂಡು ಕೂತೆ.
ಕೊಂಡರೇ? ಹೌದು. ನಮ್ಮದೇ? ಅಲ್ಲ.
ಹಾಗೆ ಬರೆಯಲು ಕಾಲಂ ಇರಲಿಲ್ಲ.
ಅಂಚಿನಲ್ಲಿ ಒಂದು ಗೀಟು ಎಳೆದೆ,
ನಾಲ್ಕಲ್ಲ, ಒಂದೇ.

ಮರುದಿನ ಶಿಹಾಬ್ ಕೇಳಿದ, ಇದೇನು?
ಪೆನ್ನು ಜಾರಿತು ಅಂದೆ,
ಮುಂದಿನ ತುಂಡಿಗೆ ಕಡ್ಡಿ ಚುಚ್ಚುತ್ತಾ.