ಗೊತ್ತಿರುವ ತೂತು

ದಿನದ ಮೊದಲ ಕೆಲಸ, ಗೊತ್ತಿರುವ ತೂತನ್ನು ಹುಡುಕುವುದು.
ಅಂಗೈಯಗಲದ ಉಕ್ಕಿನ ಗಟ್ಟಿ,
ಬೇಕೆಂದೇ ಕೊರೆದಿಟ್ಟ ಒಂದೂವರೆ ಮಿಲಿಮೀಟರ್ ಗಾಯ.
ಅದು ಇದ್ದಲ್ಲೇ ಇದೆ ಎಂದು ಪರದೆ ಒಪ್ಪುವ ತನಕ
ಬೇರೆ ಯಾವ ಕಬ್ಬಿಣವನ್ನೂ ಅನುಮಾನಿಸುವ ಹಕ್ಕು ನನಗಿಲ್ಲ.

ಪೀಣ್ಯ, ಎರಡನೇ ಹಂತ.
ಪಕ್ಕದ ಶೆಡ್ಡಿನಲ್ಲಿ ಎರಡು ಟನ್ನಿನ ಸುತ್ತಿಗೆ,
ಏಟಿಗೊಮ್ಮೆ ಟೀ ಲೋಟದೊಳಗೆ ಬಳೆ ಬಳೆ ಅಲೆ.
ಅಲ್ಲಿ ಇಪ್ಪತ್ತೆಂಟು ವರ್ಷ ಇಕ್ಕಳ ಹಿಡಿದು
ಎರಡು ಕಿವಿಯನ್ನೂ ಕಂಪನಿಗೆ ಬರೆದುಕೊಟ್ಟ ಗಂಗಬೈರಣ್ಣ
ಈಗ ನನ್ನ ಸಹಾಯಕ.
ಶಾಫ್ಟು ಒರೆಸಿ ಜೆಲ್ಲು ಹಚ್ಚುತ್ತಾನೆ,
ಕೂಸಿಗೆ ಹರಳೆಣ್ಣೆ ತೀಡುವವರ ಹಾಗೆ
ಬೆನ್ನಿಂದ ಶುರುಮಾಡಿ.

“ಯಾಕಮ್ಮಾ ಈ ಲೋಳೆ?” ಹೊಸದರಲ್ಲಿ ಕೇಳಿದ್ದ.
ಅವನ ಅಂಗೈ ಮೇಲೆ ಬೆರಳಲ್ಲಿ ಬರೆದೆ: ಗಾಳಿ.
ಕೂದಲೆಳೆಯಷ್ಟು ಗಾಳಿ ನಡುವೆ ಉಳಿದರೂ
ಈ ದನಿ ಒಳಗೆ ಕಾಲಿಡದು,
ಹೊಸ್ತಿಲಲ್ಲೇ ಮುನಿದು ತಿರುಗುತ್ತದೆ.
“ನಮ್ಮ ಬೀಗರ ಥರ,” ಅಂದ.

ಸೆಕೆಂಡಿಗೆ ಐವತ್ತು ಲಕ್ಷ ಸಲ ನಡುಗುವ ದನಿ.
ನಾಯಿಗೂ ಕೇಳದು, ಬಾವಲಿಗೂ ಕೇಳದು.
ಇದರ ಮುಂದೆ ನನ್ನ ಕಿವಿ, ಅವನ ಕಿವಿ ಒಂದೇ.
ಇಬ್ಬರೂ ಕಣ್ಣಲ್ಲಿ ಕೇಳುತ್ತೇವೆ:
ಎಡಕ್ಕೆ ಹೊರಟ ಗೆರೆ,
ಬಲಕ್ಕೆ ಹಿಂಗೋಡೆ ಮುಟ್ಟಿ ಬಂದ ಗೆರೆ,
ನಡುವೆ ಮೌನ.
ಆ ಮೌನಕ್ಕೇ ನಮಗೆ ಸಂಬಳ.

ಒರಟು ಕಣದ ಉಕ್ಕಾದರೆ ಪರದೆಯ ತಳದಲ್ಲಿ
ಸಣ್ಣಗೆ ಗರಿಕೆ ಚಿಗುರುತ್ತದೆ.
ಹುಲ್ಲು ಅಂತಲೇ ಕರೆಯುತ್ತೇವೆ ಕಸುಬಿನಲ್ಲಿ.
ಇಡೀ ಪೀಣ್ಯದಲ್ಲಿ ಹುಲ್ಲಿರುವುದು ಇಲ್ಲೊಂದೇ ಕಡೆ.

ಹೋದ ಗುರುವಾರ, ಏಳನೇ ಶಾಫ್ಟು.
ಮೇಲೆಲ್ಲ ಕನ್ನಡಿ, ಮುಖ ನೋಡಿಕೊಂಡು ತಲೆ ಬಾಚಬಹುದು.
ಬಾಗಿಲಲ್ಲಿ ಲಾರಿ, ಹಾರ್ನಿನ ಮೇಲೆ ಹಾರ್ನು.
ಅರವತ್ತೆರಡು ಮಿಲಿಮೀಟರ್ ಆಳದಲ್ಲಿ
ಮುಳ್ಳೊಂದು ಎದ್ದಿತು.
ಪ್ರೋಬು ಸರಿಸಿದೆ, ಮಲಗಿತು.
ವಾಪಸು ತಂದೆ, ಎದ್ದಿತು.
ಅದು ಎದ್ದಷ್ಟೂ ಹಿಂಗೋಡೆಯ ಗೆರೆ ಕುಗ್ಗಿತು
ದಾರಿಗೆ ಯಾರೋ ಅಡ್ಡ ಕೂತ ಹಾಗೆ.

“ಅಕ್ಕಿಕಾಳಷ್ಟು ಇದೆ, ಬಿಡಿ ಮೇಡಂ,”
ಮ್ಯಾನೇಜರ್ ಮೊದಲಿಯಾರ್ ಗಡಿಯಾರ ನೋಡಿದರು,
“ಅನ್ನದಲ್ಲಿ ಕಲ್ಲು ಸಿಗೋದಿಲ್ವೆ?”
ನಾನು ಬಾಯಿ ತೆರೆಯುವ ಮೊದಲೇ
ಅವರ ತುಟಿ ಓದಿಕೊಂಡ ಬೈರಣ್ಣ
ಹಳದಿ ಬಣ್ಣದ ಡಬ್ಬಿ ಎತ್ತಿಕೊಂಡು ಬಂದ.
“ತಣ್ಣಗಾದ್ ಮೇಲೆ ಹೊಡೆದವ್ರೆ ಸಾರ್,” ಎಂದ,
ಕಿವುಡರ ದೊಡ್ಡ ದನಿಯಲ್ಲಿ, ಲಾರಿಗೂ ಕೇಳುವ ಹಾಗೆ,
“ಕೆಂಪು ಇಳಿದ ಮೇಲೆ ಏಟು ಬಿದ್ರೆ
ಒಳಗೊಳಗೇ ಸೀಳ್ತದೆ. ಮೇಲೆ ತೋರಿಸ್ಕಳಲ್ಲ.”
ಶಾಫ್ಟಿನ ಮೇಲೆ ಸುತ್ತು ಬಳಿದ.
ಲಾರಿ ಆರನ್ನು ಹೊತ್ತು ಹೋಯಿತು.

ಸಂಜೆ ಯಂತ್ರ ಆರಿಸಹೊರಟಾಗ ತಡೆದ.
ಕಿವಿಯ ಹಿಂದಿನ ಮೂಳೆ ತೋರಿಸಿ,
“ಇಲ್ಲಿಡು. ಎಲ್ಲಿ ಒಡೆದದೆ, ನೋಡನ.”
ಇದು ಕಬ್ಬಿಣದ ಯಂತ್ರ ಎನ್ನಬೇಕಿತ್ತು.
ಅನ್ನಲಿಲ್ಲ. ನರೆಗೂದಲು ಸರಿಸಿ
ಜೆಲ್ಲು ಹಚ್ಚಿ ಇಟ್ಟೆ.
ಹಿಂಗೋಡೆ ಇಲ್ಲ, ಮುಳ್ಳೂ ಇಲ್ಲ,
ಪರದೆಯ ಈ ತುದಿಯಿಂದ ಆ ತುದಿಗೆ
ಬರೀ ಹುಲ್ಲು.

ಇದೇ ತಿಗಳರಪಾಳ್ಯದಲ್ಲಿ ಹುಟ್ಟಿದವನು
ಬಗ್ಗಿ ನೋಡಿದ, ತುಂಬಾ ಹೊತ್ತು.
“ದನ ಬಿಡಬೋದು,” ಅಂದ.